ನಲವತ್ತರ ಬಿಕ್ಕಟ್ಟು ನಿಜವೇ?

ಓದುಗರೊಬ್ಬರು ಬರೆದಿದ್ದಾರೆ: "ನನಗೀಗ ನಲವತ್ಮೂರು. ಕೆಲಸದಲ್ಲಿ ಮನಸ್ಸಿಲ್ಲ, ಮನೆಯಲ್ಲಿ ಮಾತಿಲ್ಲ. ಇದು ಮಿಡ್‌ಲೈಫ್ ಕ್ರೈಸಿಸ್ ಕಣೋ, ಈ ವಯಸ್ಸಿಗೆ ಎಲ್ಲರಿಗೂ ಬರೋದೇ, ತಾನಾಗಿ ಹೋಗುತ್ತೆ ಅಂತ ಗೆಳೆಯರು ಸಮಾಧಾನ ಹೇಳುತ್ತಾರೆ. ಇದಕ್ಕೆ ವೈಜ್ಞಾನಿಕ ಆಧಾರ ಇದೆಯೇ?"

ಇವರ ಬೇಸರ ನಿಜವಾದದ್ದು, ಅದನ್ನು ಯಾರೂ ಪ್ರಶ್ನಿಸುವಂತಿಲ್ಲ. ಆದರೆ ಅದು ವಯಸ್ಸಿನ ದೆಸೆಯಿಂದ ಬಂದದ್ದು, ಎಲ್ಲರಿಗೂ ಬರುವಂಥದ್ದು ಎಂಬ ಮಾತಿದೆಯಲ್ಲ, ಅದರ ಬುಡ ತೀರ ಸಡಿಲ.

ಆ ಮಾತು ವಿದ್ವಾಂಸರ ಲೋಕದಲ್ಲಿ ಅಚ್ಚಾದದ್ದು 1965ರಲ್ಲಿ. ಕೆನಡಾದಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ನೆಲೆಸಿದ್ದ ಮನೋವಿಶ್ಲೇಷಕ ಎಲಿಯಟ್ ಜಾಕ್ಸ್ ಒಂದು ಪ್ರಬಂಧ ಪ್ರಕಟಿಸಿದರು. ಚಿತ್ರಕಾರರು, ಸಂಗೀತಗಾರರು, ಕವಿಗಳು, ಶಿಲ್ಪಿಗಳು ಎಲ್ಲ ಸೇರಿ ಸುಮಾರು 310 ಕಲಾವಿದರ ಬದುಕನ್ನು ಅವರು ಪರಿಶೀಲಿಸಿದ್ದರು. 35ರಿಂದ 39ರ ನಡುವೆ ಇವರ ಸಾವುಗಳು ಏರಿದಂತೆ ಅವರಿಗೆ ಕಂಡಿತು. ಮೊಜಾರ್ಟ್ ಸತ್ತದ್ದು 35ಕ್ಕೆ, ರಾಫೆಲ್ 37ಕ್ಕೆ, ಶೋಪಾ 39ಕ್ಕೆ. ಇದಕ್ಕೆ ಚಿಕಿತ್ಸೆಗೆ ಬಂದಿದ್ದ 36ರ ರೋಗಿಯೊಬ್ಬನ ವೃತ್ತಾಂತವನ್ನೂ ಸೇರಿಸಿ, ಸಾವು ತನಗೂ ಬರಲಿದೆ ಎಂದು ಮನುಷ್ಯ ಮನಗಾಣುವ ಘಟ್ಟ ಇದು ಎಂದು ಜಾಕ್ಸ್ ವಾದಿಸಿದರು. ಒಳನೋಟವೇನೋ ಸೊಗಸಾಗಿದೆ. ಆದರೆ ಕ್ಷಯ ಮತ್ತು ಜ್ವರಗಳಿಂದ ಜನ ಸಾಯುತ್ತಿದ್ದ ಶತಮಾನಗಳ ಪ್ರತಿಭಾವಂತರ ಪಟ್ಟಿಯನ್ನು ಹಿಡಿದು ಇಂದಿನ ಗುಮಾಸ್ತರ, ಶಿಕ್ಷಕರ, ರೈತರ ಮನಸ್ಸನ್ನು ಅಳೆಯಲಾದೀತೇ?

ಅಳೆದರು! 1976ರಲ್ಲಿ ಪತ್ರಕರ್ತೆ ಗೇಲ್ ಶೀಹಿಯ 'ಪ್ಯಾಸೇಜಸ್' ಅಮೆರಿಕದಲ್ಲಿ ಬಿಸಿಬಿಸಿಯಾಗಿ ಮಾರಾಟವಾಯಿತು. ಎರಡು ವರ್ಷದ ಮೇಲೆ ಯೇಲ್ ವಿಶ್ವವಿದ್ಯಾಲಯದ ಡೇನಿಯಲ್ ಲೆವಿನ್ಸನ್, ಗಂಡಸಿನ ಬದುಕಿಗೆ ಋತುಗಳಿವೆ, ನಲವತ್ತರ ಆಸುಪಾಸಿನಲ್ಲಿ ಬಹುಪಾಲು ಗಂಡಸರು ತಳಮಳಕ್ಕೆ ಬೀಳುತ್ತಾರೆ ಎಂದು ಬರೆದರು. ಅವರು ಮಾತಾಡಿಸಿದ್ದು ನಲವತ್ತೇ ಜನರನ್ನು: ಹತ್ತು ಅಧಿಕಾರಿಗಳು, ಹತ್ತು ಜೀವವಿಜ್ಞಾನಿಗಳು, ಹತ್ತು ಕಾದಂಬರಿಕಾರರು, ಹತ್ತು ಕಾರ್ಖಾನೆ ಕಾರ್ಮಿಕರು. ಎಲ್ಲರೂ ಆಗ 35ರಿಂದ 45ರ ಒಳಗಿನವರು. ಅರವತ್ತಾದವರಿಗೂ ಇಪ್ಪತ್ತೈದರವರಿಗೂ ತಳಮಳ ಎಷ್ಟಿದೆ ಎಂದು ಹೋಲಿಸಿ ನೋಡಲು ಅಲ್ಲಿ ಯಾರೂ ಇರಲಿಲ್ಲ.

ಹಾಗೆ ಹೋಲಿಸಿ ನೋಡಿದ್ದು 1990ರ ದಶಕದಲ್ಲಿ. ಅಮೆರಿಕದಲ್ಲಿ 25ರಿಂದ 74ರವರೆಗಿನ ಏಳು ಸಾವಿರಕ್ಕೂ ಹೆಚ್ಚು ಜನರನ್ನು ಒಳಗೊಂಡ ದೊಡ್ಡ ಅಧ್ಯಯನ 1995ರಲ್ಲಿ ಶುರುವಾಯಿತು. ಅದರಲ್ಲಿದ್ದ ಏಳುನೂರಕ್ಕೂ ಹೆಚ್ಚು ಮಂದಿಯನ್ನು ಸಮಾಜವಿಜ್ಞಾನಿ ಇಲೇನ್ ವೆದಿಂಗ್‌ಟನ್ ಪ್ರತ್ಯೇಕವಾಗಿ ವಿಚಾರಿಸಿದರು. ನಡುವಯಸ್ಸಿನ ಬಿಕ್ಕಟ್ಟು ನನಗೂ ಬಂದಿತ್ತು ಎಂದವರು ಸರಿಸುಮಾರು ನಾಲ್ವರಲ್ಲಿ ಒಬ್ಬರು. ಆಗ ಏನಾಗಿತ್ತು ಎಂದು ಕೆದಕಿದರೆ ಅನೇಕರು ಹೇಳಿದ್ದು ಕೆಲಸ ಹೋದದ್ದನ್ನು, ಮದುವೆ ಮುರಿದದ್ದನ್ನು, ಹತ್ತಿರದವರು ತೀರಿಕೊಂಡದ್ದನ್ನು. ಇವು ಮೂವತ್ತಕ್ಕೂ ಬರುತ್ತವೆ, ಅರವತ್ತಕ್ಕೂ ಬರುತ್ತವೆ.

ಇಲ್ಲಿ ಒಂದು ಮೂಲಭೂತ ತೊಡಕಿದೆ. ಅಡಿಕೆ ತೋಟಕ್ಕೆ ಒಂದು ದಿನ ಹೋಗಿ ಬಂದವನೊಬ್ಬ ಹತ್ತು ವರ್ಷದ, ಇಪ್ಪತ್ತು ವರ್ಷದ, ನಲವತ್ತು ವರ್ಷದ ಮರಗಳನ್ನು ನೋಡಿದ ಎನ್ನಿ. ಇಪ್ಪತ್ತರದ್ದು ಸೊರಗಿವೆ. ಇಪ್ಪತ್ತು ವರ್ಷಕ್ಕೆ ಅಡಿಕೆ ಮರ ಸೊರಗುತ್ತದೆ ಎಂದು ಅವನು ಬರೆದುಕೊಂಡ. ತೋಟದ ಯಜಮಾನನನ್ನು ಕೇಳಿದರೆ ಅವನು ಹೇಳುವುದು ಬೇರೆ: ಆ ಸಾಲು ಹಾಕಿದ ವರ್ಷ ಕೆರೆ ಒಣಗಿತ್ತು, ಕೊಳವೆಬಾವಿ ಕೈಕೊಟ್ಟಿತ್ತು, ಆ ಗಿಡಗಳು ಮೊದಲಿನಿಂದಲೂ ಹಾಗೇ. ಹತ್ತು ವರ್ಷದ ಸಾಲು ಇಪ್ಪತ್ತಾದಾಗ ಸೊರಗಬೇಕೆಂದೇನೂ ಇಲ್ಲ. ವಯಸ್ಸಿನಿಂದಾದದ್ದು ಯಾವುದು, ನೆಟ್ಟ ಕಾಲದಿಂದಾದದ್ದು ಯಾವುದು ಎಂದು ಬಿಡಿಸಬೇಕಾದರೆ ಅದೇ ಮರವನ್ನು ವರ್ಷವರ್ಷವೂ ನೋಡುತ್ತಿರಬೇಕು, ಬೇರೆ ಬೇರೆ ವರ್ಷ ನೆಟ್ಟ ಸಾಲುಗಳನ್ನೂ ನೋಡಬೇಕು. ಮನುಷ್ಯರ ವಿಷಯದಲ್ಲಿ ಇದಕ್ಕೆ ಒಬ್ಬ ಸಂಶೋಧಕನ ಆಯುಷ್ಯ ಸಾಲುವುದಿಲ್ಲ. ಆದರೂ ಕೆಲವರು ಆ ಸಾಹಸಕ್ಕೆ ಕೈಹಾಕಿದರು.

1938ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ವೈದ್ಯ ಆರ್ಲಿ ಬಾಕ್, ಅಂಗಡಿ ಸರಣಿಯ ಸಾಹುಕಾರ ವಿಲಿಯಂ ಗ್ರಾಂಟ್‌ರ ದುಡ್ಡಿನಲ್ಲಿ ಒಂದು ಅಧ್ಯಯನ ಶುರುಮಾಡಿದರು. ವೈದ್ಯರು ಕಾಯಿಲೆಯವರನ್ನೇ ನೋಡುತ್ತಾರೆ, ಚೆನ್ನಾಗಿರುವವರು ಹೇಗೆ ಚೆನ್ನಾಗಿರುತ್ತಾರೆ ಎಂಬುದನ್ನೂ ನೋಡೋಣ ಎಂಬುದು ಬಾಕ್ ವಾದ. ಆರಿಸಿದ್ದು 268 ವಿದ್ಯಾರ್ಥಿಗಳನ್ನು, ಎಲ್ಲರೂ ಬಿಳಿಯ ಗಂಡುಹುಡುಗರು. ಮುಂದೆ ಅಧ್ಯಕ್ಷರಾದ ಜಾನ್ ಕೆನಡಿಯೂ ಅವರಲ್ಲೊಬ್ಬರು. ಹುಡುಗರ ಮೈಕಟ್ಟು ಅಳೆದರು, ಕೈಬರಹ ಪರೀಕ್ಷಿಸಿದರು, ಅವರ ಊರಿಗೆ ಹೋಗಿ ತಾಯಿತಂದೆಯರನ್ನು ಮಾತಾಡಿಸಿದರು. ಆ ಕಾಲದಲ್ಲಿ ಮೈಕಟ್ಟು ನೋಡಿದರೆ ಸ್ವಭಾವ ತಿಳಿಯುತ್ತದೆಂದು ವಿಜ್ಞಾನಿಗಳೂ ನಂಬಿದ್ದರು. ಅಗಲ ಭುಜದವನು ಮುಂದೆ ಬರುತ್ತಾನೆಂಬ ನಿರೀಕ್ಷೆಯನ್ನು ಮುಂದಿನ ದಶಕಗಳ ದಾಖಲೆ ಸುಳ್ಳುಮಾಡಿತು.

ಆಮೇಲೆ ಎರಡು ವರ್ಷಕ್ಕೊಮ್ಮೆ ಪ್ರಶ್ನಾವಳಿ, ಐದು ವರ್ಷಕ್ಕೊಮ್ಮೆ ವೈದ್ಯರ ವರದಿ, ಆಗಾಗ ಮುಖಾಮುಖಿ ಸಂದರ್ಶನ. ನಡುವೆ ಹಣ ಬತ್ತಿ ಅಧ್ಯಯನ ನಿಲ್ಲುವ ಸ್ಥಿತಿಗೂ ಬಂದಿತ್ತು. 1960ರ ದಶಕದಲ್ಲಿ ಬಂದು ಸೇರಿದ ಮನೋವೈದ್ಯ ಜಾರ್ಜ್ ವೇಲಂಟ್ ಅದನ್ನು ಉಳಿಸಿ, ಹಲವು ದಶಕ ನಡೆಸಿದರು. ಈಗ ಅದು ರಾಬರ್ಟ್ ವಾಲ್ಡಿಂಗರ್ ಕೈಯಲ್ಲಿದೆ.

ವೇಲಂಟ್ ತಮ್ಮ ಪುಸ್ತಕದಲ್ಲಿ ಗಾಡ್‌ಫ್ರಿ ಕೆಮಿಲ್ ಎಂಬ ಬದಲಿ ಹೆಸರಿನಲ್ಲಿ ಒಬ್ಬನ ಕತೆ ಹೇಳುತ್ತಾರೆ. ಪ್ರೀತಿಯಿಲ್ಲದ ಮನೆಯಿಂದ ಬಂದ ಹುಡುಗ. ಕಾಲೇಜಿನಲ್ಲಿ ಇಲ್ಲದ ಕಾಯಿಲೆ ಹೇಳಿಕೊಂಡು ದವಾಖಾನೆಗೆ ಎಡತಾಕುತ್ತಿದ್ದ. ಮುಂದೆ ಚೆನ್ನಾಗಿ ಬಾಳುವವರು ಯಾರೆಂದು ಶ್ರೇಣಿ ಕೊಟ್ಟಾಗ ಇವನು ತೀರ ಕೆಳಗೆ. ವೈದ್ಯನಾದ ಮೇಲೂ ಬದುಕು ಸಾಕೆನಿಸಿ ಆತ್ಮಹತ್ಯೆಗೆ ಯತ್ನಿಸಿದ್ದ. 35ರಲ್ಲಿ ಕ್ಷಯ ಬಂದು 14 ತಿಂಗಳು ಆಸ್ಪತ್ರೆಯಲ್ಲಿ ಮಲಗಿದ. ಅಲ್ಲಿ ಹಗಲೂ ರಾತ್ರಿ ಬೇರೆಯವರು ಅವನನ್ನು ನೋಡಿಕೊಂಡರು. ಬಾಲ್ಯದಲ್ಲಿ ಸಿಗದ ಆರೈಕೆ ಅವನಿಗೆ ಸಿಕ್ಕಿದ್ದು ಅಲ್ಲಿ. ಎದ್ದು ಬಂದವನು ಸ್ವಂತ ಚಿಕಿತ್ಸಾಲಯ ತೆರೆದ, ತಂದೆಯಾದ, ಬೇರೆಯವರು ಆತುಕೊಳ್ಳುವ ಮನುಷ್ಯನಾದ. 82ರಲ್ಲಿ ಆಲ್ಪ್ಸ್ ಪರ್ವತ ಹತ್ತುವಾಗ ಹೃದಯಾಘಾತದಿಂದ ತೀರಿಕೊಂಡ. ಇಪ್ಪತ್ತರಲ್ಲಿ ಒಂದು ಸಲ, ನಲವತ್ತರಲ್ಲಿ ಒಂದು ಸಲ ವಿಚಾರಿಸಿ ಕೈತೊಳೆದುಕೊಂಡಿದ್ದರೆ ಈ ಬದುಕಿನ ಅರ್ಧ ಭಾಗವೇ ನಮಗೆ ತಿಳಿಯುತ್ತಿರಲಿಲ್ಲ.

ಉದ್ಯೋಗದ ವಿಷಯದಲ್ಲಿ ಈ ಕಡತಗಳು ಹೇಳುವುದು ನನಗಂತೂ ಬಹಳ ಮುಖ್ಯವೆನಿಸುತ್ತದೆ. ಆಪ್ತ ಸಂಬಂಧಗಳ ಅಂಕದಲ್ಲಿ ಎಲ್ಲರಿಗಿಂತ ಮೇಲಿದ್ದ 58 ಜನ, ಕೆಳಗಿದ್ದ 31 ಜನರಿಗಿಂತ ತಮ್ಮ ಸಂಪಾದನೆಯ ಉಚ್ಛ್ರಾಯದಲ್ಲಿ ವರ್ಷಕ್ಕೆ ಸರಾಸರಿ 1,41,000 ಡಾಲರ್ ಹೆಚ್ಚು ದುಡಿಯುತ್ತಿದ್ದರು. ಬುದ್ಧಿಮತ್ತೆಯ ಅಂಕ 110ರ ಆಸುಪಾಸಿನವರಿಗೂ 150 ದಾಟಿದವರಿಗೂ ನಡುವೆ ಗಳಿಕೆಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಆದರೆ ಇದನ್ನೇ ಹಿಡಿದು, ಸ್ನೇಹಿತರನ್ನು ಮಾಡಿಕೊಳ್ಳಿ, ನೂರು ವರ್ಷ ಬಾಳಿ ಎಂದು ಸಾರುವ ವಿಡಿಯೊಗಳನ್ನು ನಾನು ಒಪ್ಪಲಾರೆ. ಆರೋಗ್ಯ ಚೆನ್ನಾಗಿದ್ದವರಿಗೆ ಸ್ನೇಹ ಉಳಿಸಿಕೊಳ್ಳುವುದೂ ಸುಲಭ. ಯಾವುದು ಕಾರಣ, ಯಾವುದು ಪರಿಣಾಮ ಎಂಬುದು ಇನ್ನೂರು ಚಿಲ್ಲರೆ ಅನುಕೂಲಸ್ಥರ ಕಡತದಿಂದಷ್ಟೇ ತೀರ್ಮಾನವಾಗುವುದಿಲ್ಲ.

ಹಾಗಾದರೆ ಬಡವರ ಮಕ್ಕಳು? ಅದೇ ಊರಿನಲ್ಲಿ, ಅದೇ ಹೊತ್ತಿಗೆ, ಹಾರ್ವರ್ಡ್ ಕಾನೂನು ಶಾಲೆಯ ಶೆಲ್ಡನ್ ಮತ್ತು ಎಲೆನರ್ ಗ್ಲೂಕ್ ದಂಪತಿ ಬಾಸ್ಟನ್ನಿನ ಬಡ ಬೀದಿಗಳ ಸಾವಿರ ಹುಡುಗರ ಬೆನ್ನು ಹತ್ತಿದ್ದರು. ಐನೂರು ಮಂದಿ ಸುಧಾರಣಾ ಶಾಲೆ ಸೇರಿದ ಬಾಲಾಪರಾಧಿಗಳು, ಐನೂರು ಮಂದಿ ಅಂಥದೇ ಬೀದಿಗಳ, ಅದೇ ವಯಸ್ಸಿನ, ತಂಟೆಗೆ ಹೋಗದ ಹುಡುಗರು. ಪ್ರತಿಯೊಬ್ಬನಿಗೂ ಜೋಡಿ ಹುಡುಕಿದ್ದರು. ಸರಾಸರಿ 14, 25, 32ನೇ ವಯಸ್ಸಿನಲ್ಲಿ ಮೂರು ಸಲ ವಿಚಾರಣೆ. ಮನೆಯವರು, ಮೇಷ್ಟರು, ಅಕ್ಕಪಕ್ಕದವರು, ಮಾಲೀಕರು, ಪೊಲೀಸರು, ಎಲ್ಲರನ್ನೂ ಕೇಳಿ ಬರೆದಿಟ್ಟರು. ಇಷ್ಟು ಮಾಡಿದ ಎಲೆನರ್‌ಗೆ ಹಾರ್ವರ್ಡ್ ಪ್ರಾಧ್ಯಾಪಕ ಹುದ್ದೆ ಕೊಡಲೇ ಇಲ್ಲ. ವರ್ಷಗಟ್ಟಲೆ ಸಂಶೋಧನಾ ಸಹಾಯಕಿಯಾಗಿಯೇ ಉಳಿದರು. ಈ ಅನ್ಯಾಯವನ್ನು ಹೇಳದೆ ಮುಂದೆ ಹೋಗುವುದು ಸರಿಯಲ್ಲ.

ದಂಪತಿ ತೀರಿಕೊಂಡ ಮೇಲೆ ಕಡತಗಳು ಕಾನೂನು ಗ್ರಂಥಾಲಯದ ನೆಲಮಾಳಿಗೆಯಲ್ಲಿ ಪೆಟ್ಟಿಗೆಗಳೊಳಗೆ ಧೂಳು ತಿನ್ನುತ್ತಿದ್ದವು. 1980ರ ದಶಕದಲ್ಲಿ ಜಾನ್ ಲಾಬ್ ಎಂಬ ಸಂಶೋಧಕರ ಕಣ್ಣಿಗೆ ಬಿದ್ದವು. ಲಾಬ್ ಮತ್ತು ರಾಬರ್ಟ್ ಸ್ಯಾಂಪ್ಸನ್ ವರ್ಷಗಟ್ಟಲೆ ಕೂತು ಅವನ್ನು ಕಂಪ್ಯೂಟರಿಗೆ ತುಂಬಿಸಿದರು. 1993ರಲ್ಲಿ ಅವರು ಹೊರತಂದ ಪುಸ್ತಕ ಅಪರಾಧಶಾಸ್ತ್ರದ ದಿಕ್ಕನ್ನೇ ಬದಲಿಸಿತು. ಹದಿನಾಲ್ಕರಲ್ಲಿ ಒಂದೇ ತೆರನಾಗಿದ್ದ ಹುಡುಗರು ಮುಂದೆ ಬೇರೆ ಬೇರೆ ದಾರಿ ಹಿಡಿದಿದ್ದರು. ದಾರಿ ತಿರುಗಿಸಿದ್ದು ಬಹುಮಟ್ಟಿಗೆ ಸ್ಥಿರವಾದ ಕೆಲಸ ಮತ್ತು ಹೊಂದಿಕೆಯ ದಾಂಪತ್ಯ. ಮದುವೆ ಮಾಡಿಬಿಟ್ಟರೆ ಸರಿಹೋಗುತ್ತಾನೆ ಎಂದು ನಮ್ಮ ಹಿರಿಯರು ಹೇಳುವುದನ್ನು ಇದು ಸಮರ್ಥಿಸುವುದಿಲ್ಲ. ಬರೀ ತಾಳಿ ಕಟ್ಟಿದ್ದರಿಂದ ಏನೂ ಆಗಿರಲಿಲ್ಲ, ಗಂಡಹೆಂಡಿರ ನಡುವಿನ ನಂಟು ಗಟ್ಟಿಯಾಗಿದ್ದಲ್ಲಿ ಮಾತ್ರ ಫಲ ಕಂಡಿತು. ಮುಂದೆ ಲಾಬ್ ಆ ಹುಡುಗರಲ್ಲಿ 52 ಜನರನ್ನು ಹುಡುಕಿ, ಎಪ್ಪತ್ತರ ಆಸುಪಾಸಿನಲ್ಲಿದ್ದವರ ಬಾಯಿಂದಲೇ ಬದುಕಿನ ಕತೆ ಕೇಳಿ ಬರೆದುಕೊಂಡರು.

ಹುಟ್ಟಿದ ಕಾಲದ ಪಾತ್ರವನ್ನು ತೋರಿಸಿಕೊಟ್ಟವರು ಸಮಾಜಶಾಸ್ತ್ರಜ್ಞ ಗ್ಲೆನ್ ಎಲ್ಡರ್. 1930ರ ದಶಕದ ಆರ್ಥಿಕ ಕುಸಿತ ಬಂದಾಗ ಹದಿಹರೆಯದಲ್ಲಿದ್ದ ಓಕ್‌ಲೆಂಡಿನ ಮಕ್ಕಳು ಬೇಗ ದುಡಿಮೆಗೆ ಇಳಿದು ಗಟ್ಟಿಯಾದರು. ಅದೇ ಹೊತ್ತಿಗೆ ಇನ್ನೂ ಪುಟ್ಟವರಾಗಿದ್ದ ಬರ್ಕ್ಲಿಯ ಹುಡುಗರು ಹೆಚ್ಚು ನಲುಗಿದರು. ಕಷ್ಟ ಒಂದೇ, ಅದು ಎರಗಿದ ವಯಸ್ಸು ಬೇರೆ.

ವೇಲಂಟ್ ತಮ್ಮ ಕಡತಗಳನ್ನು ಓದಿದ್ದು ಎರಿಕ್ ಎರಿಕ್‌ಸನ್ನರ ಎಂಟು ಹಂತಗಳ ಸಿದ್ಧಾಂತದ ಬೆಳಕಿನಲ್ಲಿ. ನಡುವಯಸ್ಸಿನ ಕೆಲಸವೆಂದರೆ ಮುಂದಿನ ತಲೆಮಾರನ್ನು ಪೊರೆಯುವುದು ಎಂದು ಎರಿಕ್‌ಸನ್ 1950ರಲ್ಲೇ ಬರೆದಿದ್ದರು. 1962ರಲ್ಲಿ ಅವರು ಅಹಮದಾಬಾದಿಗೆ ಬಂದರು. ಅಲ್ಲಿನ 1918ರ ಗಿರಣಿ ಮುಷ್ಕರವನ್ನು ಆಧರಿಸಿ, 48ರ ಗಾಂಧಿಯನ್ನು ಈ ಘಟ್ಟದ ಮನುಷ್ಯನಾಗಿ ನೋಡಿ ಬರೆದ ಪುಸ್ತಕ 1969ರಲ್ಲಿ ಹೊರಬಂತು. ಅಹಮದಾಬಾದಿನಲ್ಲಿ ಅವರನ್ನು ಕಂಡ ಯುವಕ ಸುಧೀರ್ ಕಾಕರ್ ಮುಂದೆ ನಮ್ಮ ನಾಲ್ಕು ಆಶ್ರಮಗಳನ್ನೂ ಎರಿಕ್‌ಸನ್ನರ ಹಂತಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದರು.

ಪತ್ರ ಬರೆದವರಿಗೆ ನನ್ನ ಉತ್ತರ ಇಷ್ಟು. ನಲವತ್ತಕ್ಕೆ ಬಂದು ನಲವತ್ತೈದಕ್ಕೆ ತಾನಾಗಿ ಹೋಗುವ ಬಿಕ್ಕಟ್ಟು ಎಂಬ ನಿಯಮ ಇಲ್ಲ. ಕೆಲಸ ಮತ್ತು ಮನೆಯ ನಂಟುಗಳು ಯಾವ ವಯಸ್ಸಿನಲ್ಲೂ ಮನುಷ್ಯನನ್ನು ಕೆಡಿಸಬಲ್ಲವು, ಯಾವ ವಯಸ್ಸಿನಲ್ಲೂ ಎತ್ತಿ ನಿಲ್ಲಿಸಬಲ್ಲವು. ವಾರಗಟ್ಟಲೆ ಯಾವುದರಲ್ಲೂ ಮನಸ್ಸಿಲ್ಲ, ನಿದ್ದೆ ಇಲ್ಲ ಎಂದಾದರೆ ಅದು ಖಿನ್ನತೆ ಇರಬಹುದು, ಅದಕ್ಕೆ ಚಿಕಿತ್ಸೆ ಇದೆ. ದಯವಿಟ್ಟು ವಯಸ್ಸಿನ ಮೇಲೆ ಹಾಕಿ ಸುಮ್ಮನಾಗಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ.

ಉಳಿದ ಓದುಗರಲ್ಲಿ ಒಂದು ಕೋರಿಕೆ. ಇಂಥ ದೀರ್ಘ ಅಧ್ಯಯನ ನಮ್ಮಲ್ಲೂ ಆಗುತ್ತದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಮಿಷನ್ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟಿದ್ದರು. 1990ರ ದಶಕದಲ್ಲಿ ಸಂಶೋಧಕರು ಮನೆಮನೆ ಅಲೆದು ಆ ಕೂಸುಗಳನ್ನು ನಡುವಯಸ್ಕರಾಗಿ ಪತ್ತೆಹಚ್ಚಿದರು. ಹುಟ್ಟುವಾಗ ತೂಕ ಕಡಿಮೆಯಿದ್ದವರಿಗೆ ಹೃದ್ರೋಗ ಹೆಚ್ಚೆಂದು 517 ಜನರ ಆ ಅಧ್ಯಯನ 1996ರಲ್ಲಿ ತೋರಿಸಿತು. 45 ದಾಟಿದವರ ರಾಷ್ಟ್ರೀಯ ಅಧ್ಯಯನ 2017ರಲ್ಲಿ ಆರಂಭವಾಗಿ 72,000ಕ್ಕೂ ಹೆಚ್ಚು ಜನರನ್ನು ಮಾತಾಡಿಸಿದೆ, ಅವರಲ್ಲಿ ಕರ್ನಾಟಕದವರೂ ಇದ್ದಾರೆ. ಅಂಥ ಸಮೀಕ್ಷೆಯವರು ನಿಮ್ಮ ಮನೆಗೆ ಬಂದರೆ ಗುರುತಿನ ಚೀಟಿ ನೋಡಿ, ಕೂರಿಸಿ, ಇದ್ದದ್ದನ್ನು ಇದ್ದ ಹಾಗೆ ಹೇಳಿ. ನಿಮ್ಮೂರ ಶಾಲೆಯ ದಾಖಲಾತಿ ಪುಸ್ತಕವೋ ಹೆರಿಗೆ ಆಸ್ಪತ್ರೆಯ ಹಳೆಯ ರಿಜಿಸ್ಟರೋ ರದ್ದಿಗೆ ಹೊರಟಿದ್ದರೆ, ತೂಕಕ್ಕೆ ಹಾಕುವ ಮೊದಲು ಹತ್ತಿರದ ವಿಶ್ವವಿದ್ಯಾಲಯದ ಸಂಶೋಧಕರೊಬ್ಬರಿಗೆ ಒಮ್ಮೆ ತೋರಿಸಿ.