ನಿಧಾನದ ಗುಂಡು, ಆಳದ ಪೆಟ್ಟು

ಪ್ರಶ್ನೆ: ವೇಗ ಕಡಿಮೆಯಿರುವ ರೈಫಲ್ ಗುಂಡಿಗೆ ದೊಡ್ಡ ಪ್ರಾಣಿ ಬೀಳುತ್ತಿತ್ತೇ?
– ಓದುಗರೊಬ್ಬರು, ಕೆರೆಬಿಳಚಿ

ಉತ್ತರ: ಬೀಳುತ್ತಿತ್ತು, ಗುಂಡು ಭಾರವಾಗಿದ್ದು ಹತ್ತಿರದಿಂದ ಹೊಡೆದಿದ್ದರೆ. ಬೆಂಗಳೂರಿನ ಬೇಟೆಗಾರ ಕೆನೆತ್ ಆಂಡರ್ಸನ್ ನರಭಕ್ಷಕಗಳ ಬೆನ್ನುಹತ್ತಿದ್ದು .405 ವಿಂಚೆಸ್ಟರ್ ರೈಫಲ್ ಹಿಡಿದು. ಅದರ ಗುಂಡು ಸುಮಾರು 19 ಗ್ರಾಂ, ವೇಗ ಸೆಕೆಂಡಿಗೆ ಸುಮಾರು 670 ಮೀಟರ್. ಇಂದಿನ ಅನೇಕ ರೈಫಲ್‌ಗಳದ್ದು 850 ದಾಟುತ್ತದೆ. ಅತಿವೇಗದ ಹಗುರ ಗುಂಡು ಮೂಳೆಗೆ ಬಡಿದು ಚೂರಾಗಬಹುದು. ನಿಧಾನದ ಭಾರದ ಗುಂಡು ಮೂಳೆ ಮುರಿದು ಆಳಕ್ಕೆ ಇಳಿಯುತ್ತದೆ. ಆದರೆ ಸುತ್ತಲ ಮಾಂಸವನ್ನು ಅಷ್ಟಾಗಿ ಹರಿಯದು. ಹಾಗಾಗಿ ಹೃದಯಕ್ಕೋ ಶ್ವಾಸಕೋಶಕ್ಕೋ ತಗಲಲೇಬೇಕು. ದೂರ ಹೆಚ್ಚಿದರೆ ಗುಂಡು ಕೆಳಗಿಳಿದು ಗುರಿ ತಪ್ಪುತ್ತದೆ. ಹೊಟ್ಟೆಗೋ ಕಾಲಿಗೋ ಬಿದ್ದರೆ ಪ್ರಾಣಿ ದಿನಗಟ್ಟಲೆ ನರಳುತ್ತದೆ. ಎಷ್ಟೋ ಹುಲಿ, ಚಿರತೆಗಳು ನರಭಕ್ಷಕಗಳಾದದ್ದು ಇಂಥ ಗಾಯಗಳಿಂದಲೇ. ಈಗಂತೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬೇಟೆ ಅಪರಾಧ. ಮನೆಯಲ್ಲಿ ಹಳೆಯ ಕೋವಿಯಿದ್ದರೆ ದಯವಿಟ್ಟು ಕಾಡಿಗೆ ಒಯ್ಯಬೇಡಿ.