ಉಳಿದ ಅಡುಗೆ ವಿಡಿಯೋ ಕ್ಯಾಸೆಟ್‌ಗಳಿಗೆ ಗಿರಾಕಿ ಹುಡುಕುವ ಬಗೆ

ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಇಲ್ಲದೆ ಹಿಂಗಿನ ಒಗ್ಗರಣೆಯಲ್ಲೇ ರುಚಿ ತರುವುದು, ಆಲೂಗಡ್ಡೆಯ ಜಾಗದಲ್ಲಿ ಬಾಳೆಕಾಯಿ ಬಳಸುವುದು, ಅಷ್ಟಮಿ-ಚತುರ್ದಶಿಗಳಲ್ಲಿ ಹಸಿರು ತರಕಾರಿ ಬಿಟ್ಟು ಬೇಳೆಕಾಳುಗಳಿಂದಲೇ ಊಟ ಅಣಿಮಾಡುವುದು: ಇವು ಪುಸ್ತಕ ಓದಿ ಕಲಿಯುವುದಕ್ಕಿಂತ ಕಣ್ಣಾರೆ ನೋಡಿ ಕಲಿಯಬೇಕಾದ ಕೆಲಸಗಳು. ಊರಿನಿಂದ ದೂರ, ಅದರಲ್ಲೂ ವಿದೇಶದಲ್ಲಿ ನೆಲೆಸಿದ ಮನೆಗಳಿಗೆ ಅಡುಗೆ ಕಲಿಸುವ ವಿಡಿಯೋ ಕ್ಯಾಸೆಟ್ ಉಪಯುಕ್ತವಾಗಿದ್ದುದು ಇದೇ ಕಾರಣಕ್ಕೆ. ಕ್ಯಾಸೆಟ್‌ಗಳನ್ನು ಒಟ್ಟಿಗೆ ಹೆಚ್ಚು ಪ್ರತಿ ಮಾಡಿಸಿದರೆ ಒಂದೊಂದಕ್ಕೆ ತಗಲುವ ಖರ್ಚು ಕಡಿಮೆ. ಹಾಗೆ ಮಾಡಿಸಿ ಮಾರಾಟವಾಗದೆ ಉಳಿದ ಪೆಟ್ಟಿಗೆಗಳು ಸಂಘದ ಉಗ್ರಾಣದಲ್ಲೋ ಮನೆಯ ಅಟ್ಟದಲ್ಲೋ ಕುಳಿತಿರುತ್ತವೆ.

ವಿಎಚ್ಎಸ್ ಪದ್ಧತಿಯನ್ನು ಜಪಾನಿನ ಜೆವಿಸಿ ಕಂಪನಿ 1976ರಲ್ಲಿ ಮಾರುಕಟ್ಟೆಗೆ ತಂದಿತು. ವಿಸಿಆರ್ ಯಂತ್ರಗಳನ್ನು ಕೊನೆಯವರೆಗೂ ತಯಾರಿಸುತ್ತಿದ್ದ ಅದೇ ದೇಶದ ಫುನಾಯ್ ಕಂಪನಿ 2016ರ ಜುಲೈನಲ್ಲಿ ಅದನ್ನು ನಿಲ್ಲಿಸಿತು. ಈಗ ಬಳಕೆಯಲ್ಲಿರುವುದೆಲ್ಲ ಹಳೆಯ ಯಂತ್ರಗಳೇ. ಆದ್ದರಿಂದ ಕ್ಯಾಸೆಟ್ ಮಾರಲು ಹೊರಡುವವರು ಎರಡು ವಿಷಯ ಬೇರೆಬೇರೆಯಾಗಿ ನೋಡಬೇಕು. ಒಂದು, ಕೈಯಲ್ಲಿರುವ ಪ್ಲಾಸ್ಟಿಕ್ ಡಬ್ಬಿ. ಇನ್ನೊಂದು, ಅದರೊಳಗಿನ ಅಡುಗೆಯ ಪಾಠ. ಮೊದಲನೆಯದಕ್ಕೆ ಗಿರಾಕಿಗಳು ಕಡಿಮೆಯಾಗುತ್ತ ಹೋಗುತ್ತಾರೆ. ಎರಡನೆಯದಕ್ಕೆ ಬೇಡಿಕೆ ಇದ್ದೇ ಇದೆ, ಆದರೆ ಅದು ಆ ಡಬ್ಬಿಯಿಂದ ಹೊರಬರಬೇಕು.

ಮೊದಲು ಪರಿಶೀಲನೆ

ಬೆಲೆ ಹೇಳುವ ಮೊದಲು ಕ್ಯಾಸೆಟ್ ಯಾವ ಪದ್ಧತಿಯದು ಎಂದು ತಿಳಿಯಬೇಕು. ಅಮೆರಿಕ, ಕೆನಡಾ, ಜಪಾನ್ ದೇಶಗಳದ್ದು ಎನ್‌ಟಿಎಸ್‌ಸಿ: 525 ಗೆರೆಗಳು, ಸೆಕೆಂಡಿಗೆ ಸುಮಾರು 30 ಚಿತ್ರಗಳು. ಭಾರತ ಮತ್ತು ಬ್ರಿಟನ್‌ನದು ಪಾಲ್: 625 ಗೆರೆಗಳು, ಸೆಕೆಂಡಿಗೆ 25 ಚಿತ್ರಗಳು. ಎರಡೂ ಹೊರನೋಟಕ್ಕೆ ಒಂದೇ ಡಬ್ಬಿ, ಒಂದೇ ಅರ್ಧ ಇಂಚಿನ ಟೇಪು. ಆದರೆ ಅಮೆರಿಕದಿಂದ ನೆಂಟರು ತಂದ ಕ್ಯಾಸೆಟ್ಟನ್ನು ಬೆಳಗಾವಿಯ ಮನೆಯ ಹಳೆಯ ವಿಸಿಆರ್‌ಗೆ ಹಾಕಿದರೆ, ಆ ಯಂತ್ರ ಎರಡೂ ಪದ್ಧತಿ ಓದುವಂಥದ್ದಲ್ಲದಿದ್ದರೆ, ಚಿತ್ರ ಸರಿಯಾಗಿ ಮೂಡುವುದಿಲ್ಲ. ಪದ್ಧತಿಯ ಹೆಸರನ್ನು ಮಾರಾಟದ ಪ್ರಕಟಣೆಯಲ್ಲಿ ಬರೆಯದಿದ್ದರೆ ಕೊಂಡವರು ಹಿಂದಕ್ಕೆ ಕಳುಹಿಸುತ್ತಾರೆ.

ಎರಡನೆಯದು ಬೂಷ್ಟು. ಮೂಡುಬಿದಿರೆ, ಕಾರ್ಕಳದಂಥ ಕರಾವಳಿಯ ತೇವದಲ್ಲಿ ವರ್ಷಗಟ್ಟಲೆ ಇಟ್ಟ ಕ್ಯಾಸೆಟ್‌ಗಳಲ್ಲಿ ಇದು ಸಾಮಾನ್ಯ. ಕಿಟಕಿಯಲ್ಲಿ ಕಾಣುವ ಟೇಪಿನ ಸುರುಳಿಯ ಮೇಲೆ ಬಿಳಿ ಪುಡಿಯಂತೆ ಕಂಡರೆ ಅದನ್ನು ಯಂತ್ರಕ್ಕೆ ಹಾಕಬಾರದು. ಯಂತ್ರದ ಹೆಡ್ ಕೊಳೆಯಾಗುತ್ತದೆ, ಮುಂದೆ ಹಾಕುವ ಕ್ಯಾಸೆಟ್‌ಗೂ ಬೂಷ್ಟು ಹರಡುತ್ತದೆ. ಪ್ರತಿ ಪೆಟ್ಟಿಗೆಯಿಂದ ಶುಭ್ರವಾಗಿರುವ ಒಂದೆರಡನ್ನು ಆರಿಸಿ ಪೂರ್ತಿ ಓಡಿಸಿ ನೋಡಿದರೆ ಉಳಿದವುಗಳ ಸ್ಥಿತಿ ತಕ್ಕಮಟ್ಟಿಗೆ ತಿಳಿಯುತ್ತದೆ.

ಕೊಳ್ಳುವವರು ಯಾರು?

ವಿಸಿಆರ್ ಇನ್ನೂ ನಡೆಯುತ್ತಿರುವ ಮನೆಗಳ ಹಿರಿಯರು ಮೊದಲ ಗಿರಾಕಿಗಳು. ಅವರನ್ನು ಅಂಚೆಯ ಮೂಲಕ ತಲುಪುವುದಕ್ಕಿಂತ ಜನ ಸೇರುವಲ್ಲಿ ತಲುಪುವುದು ಲಾಭ. ಒಂದು ಕ್ಯಾಸೆಟ್ ಸುಮಾರು 200 ಗ್ರಾಂ ತೂಗುತ್ತದೆ. ಹಲವು ಬಾರಿ ಅಂಚೆ ವೆಚ್ಚವೇ ಕ್ಯಾಸೆಟ್ಟಿನ ಬೆಲೆಯನ್ನು ಮೀರುತ್ತದೆ. ಉತ್ತರ ಅಮೆರಿಕದ ಜೈನ ಸಂಘಗಳ ಒಕ್ಕೂಟವಾದ ಜೈನಾ ಎರಡು ವರ್ಷಕ್ಕೊಮ್ಮೆ ಅಧಿವೇಶನ ನಡೆಸುತ್ತದೆ. ಅಲ್ಲಿನ ಕನ್ನಡ ಕೂಟಗಳ ಆಗರವಾದ ಅಕ್ಕದ ಸಮ್ಮೇಳನವೂ ಎರಡು ವರ್ಷಕ್ಕೊಮ್ಮೆ ನಡೆಯುವಂಥದ್ದು. ಇಂಥ ಕಡೆ ಕೈಯಿಂದ ಕೈಗೆ ಕೊಡಬಹುದು. ಅಂಚೆಯಲ್ಲೇ ಕಳುಹಿಸಬೇಕಾದರೆ ಅಮೆರಿಕದೊಳಗೆ ಮೀಡಿಯಾ ಮೇಲ್ ಎಂಬ ಅಗ್ಗದ ದರ ವಿಡಿಯೋ ಕ್ಯಾಸೆಟ್‌ಗಳಿಗೂ ಅನ್ವಯಿಸುತ್ತದೆ.

ಎರಡನೆಯ ಗಿರಾಕಿಗಳು ಸಂಗ್ರಹಕಾರರು. ಅವರಿಗೆ ಬೇಕಾದುದು ಮುದ್ರಿತ ಹೊದಿಕೆ ಕೆಡದ, ಸೀಲು ಒಡೆಯದ ಪ್ರತಿ. ಮೂರನೆಯವರು ಆಹಾರ ಪದ್ಧತಿ, ವಲಸೆ ಬಂದವರ ಬದುಕು, ಜೈನ ಅಧ್ಯಯನ ಇವುಗಳ ಸಂಗ್ರಹ ಇರುವ ವಿಶ್ವವಿದ್ಯಾಲಯ ಗ್ರಂಥಾಲಯಗಳು. ಅವು ಪೆಟ್ಟಿಗೆಗಟ್ಟಲೆ ಕೊಳ್ಳುವುದಿಲ್ಲ, ಒಂದೆರಡು ಪ್ರತಿ ಸಾಕು. ಆದರೆ ಯಾರು, ಯಾವ ವರ್ಷ, ಯಾರಿಗಾಗಿ ತಯಾರಿಸಿದರು ಎಂಬ ವಿವರದ ಒಂದು ಪುಟ ಜೊತೆಗಿದ್ದರೆ ಅವುಗಳಿಗೆ ಬೆಲೆ ಹೆಚ್ಚು. ಇನ್ನು ಕೆಲವರು ಮೇಲೆ ಬೇರೆ ರೆಕಾರ್ಡಿಂಗ್ ಮಾಡಿಕೊಳ್ಳಲು ಖಾಲಿ ಕ್ಯಾಸೆಟ್ಟೆಂದೇ ಕೇಳುತ್ತಾರೆ. ಅವರಿಗೆ ಕೊಡುವುದಿದ್ದರೆ ಪಾಠವನ್ನು ಮೊದಲು ಬೇರೆಡೆ ಉಳಿಸಿಕೊಂಡಿರಬೇಕು.

ಪಾಠಕ್ಕೇ ಗಿರಾಕಿ

ಹೆಚ್ಚು ಜನ ಕೊಳ್ಳುವುದು ಡಿಜಿಟಲ್ ಪ್ರತಿಯನ್ನು. ಒಳ್ಳೆಯ ವಿಸಿಆರ್, ಕಂಪ್ಯೂಟರಿಗೆ ಜೋಡಿಸುವ ಕ್ಯಾಪ್ಚರ್ ಸಾಧನ, ತಾಳ್ಮೆ ಇವಿಷ್ಟಿದ್ದರೆ ಮನೆಯಲ್ಲೇ ಪರಿವರ್ತಿಸಬಹುದು. ಎರಡು ಗಂಟೆಯ ಕ್ಯಾಸೆಟ್ಟಿಗೆ ಎರಡು ಗಂಟೆಯೇ ಬೇಕು, ವೇಗವಾಗಿ ಓಡಿಸಲು ಬರುವುದಿಲ್ಲ. ಒಂದೊಂದು ಅಡುಗೆಯನ್ನೂ ಬೇರೆ ತುಂಡಾಗಿಸಿ, ಹೆಸರು ಮತ್ತು ಸಾಮಗ್ರಿಗಳ ಪಟ್ಟಿಯನ್ನು ಕನ್ನಡದಲ್ಲಿ ಸೇರಿಸಿದರೆ ಮೊಬೈಲಿನಲ್ಲಿ ನೋಡುವ ಇಂದಿನ ಮನೆಗಳಿಗೂ ಉಪಯೋಗ. ಡಿಜಿಟಲ್ ಪ್ರತಿ ಕೊಂಡವರಿಗೆ ಕ್ಯಾಸೆಟ್ಟನ್ನು ನೆನಪಿಗೆಂದು ಜೊತೆಗೆ ಕೊಟ್ಟರೆ ದಾಸ್ತಾನೂ ಕರಗುತ್ತದೆ.

ಇದಕ್ಕೆ ಕಾಯುತ್ತ ಕೂರುವಂತಿಲ್ಲ. ಕಾಂತೀಯ ಟೇಪುಗಳನ್ನು ಓದುವ ಯಂತ್ರಗಳೂ ಬಿಡಿಭಾಗಗಳೂ ಮರೆಯಾಗುತ್ತಿವೆ, ಸುಮಾರು 2025ರೊಳಗೆ ಪರಿವರ್ತನೆ ಮುಗಿಸುವುದು ಕ್ಷೇಮ ಎಂದು ಯುನೆಸ್ಕೊ 2019ರಲ್ಲಿ ಆರಂಭಿಸಿದ ಯೋಜನೆಯೊಂದು ಎಚ್ಚರಿಸಿತ್ತು. ಆ ಗಡುವು ಬಂದಾಗಿದೆ. ಕ್ಯಾಸೆಟ್ಟಿನಲ್ಲಿ ಅಡುಗೆ ತೋರಿಸಿದ ಅಜ್ಜಿ ಈಗ ಇಲ್ಲದಿದ್ದರೆ, ಆ ಕೈಯ ಹದವನ್ನು ಮತ್ತೆ ಚಿತ್ರೀಕರಿಸಲಾಗದು.

ಹಕ್ಕು ಮತ್ತು ಪ್ರಾಮಾಣಿಕತೆ

ಒಂದು ಪಾಕವಿಧಾನದ ಸಾಮಗ್ರಿಪಟ್ಟಿ ಯಾರ ಸ್ವತ್ತೂ ಅಲ್ಲ. ಆದರೆ ವಿಡಿಯೋ ಚಿತ್ರಕ್ಕೆ ಕೃತಿಸ್ವಾಮ್ಯವಿದೆ. ಭಾರತದ 1957ರ ಕಾಯ್ದೆಯಂತೆ ಚಲನಚಿತ್ರಕ್ಕೆ ಅದು ಪ್ರಕಟವಾದ ಮೇಲೆ 60 ವರ್ಷ ಇರುತ್ತದೆ. ಪೆಟ್ಟಿಗೆ ಕೈಯಲ್ಲಿದೆ ಎಂದ ಮಾತ್ರಕ್ಕೆ ಡಿಜಿಟಲ್ ಪ್ರತಿ ಮಾಡಿ ಮಾರುವ ಹಕ್ಕು ಬರುವುದಿಲ್ಲ. ತಯಾರಿಸಿದವರಿಂದ ಅಥವಾ ಅವರ ವಾರಸುದಾರರಿಂದ ಬರಹದಲ್ಲಿ ಒಪ್ಪಿಗೆ ಪಡೆಯಬೇಕು. ನಕಲು ಪ್ರತಿಯನ್ನು ಮೂಲ ಪ್ರತಿಯೆಂದು ದಾಟಿಸುವುದು ಕಾನೂನಿನಷ್ಟೇ ವ್ರತಕ್ಕೂ ಸಂಬಂಧಿಸಿದ ವಿಷಯ. ತತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಪ್ರತಿರೂಪಕ ವ್ಯವಹಾರವನ್ನೂ ಎಣಿಸುತ್ತದೆ. ಕ್ಯಾಸೆಟ್ಟಿನ ದೋಷ, ಪದ್ಧತಿ, ಅವಧಿ ಇವನ್ನು ಮುಚ್ಚಿಡದೆ ಬರೆಯುವುದು ಇದೇ ಶಿಸ್ತಿನ ಭಾಗ.

ಇಷ್ಟೆಲ್ಲ ಆದ ಮೇಲೂ ಕೆಲವು ಉಳಿಯುತ್ತವೆ. ಶುಭ್ರವಾದ ಎರಡು ಪ್ರತಿಗಳನ್ನು ತಂಪಾದ, ಒಣಗಿದ ಜಾಗದಲ್ಲಿ ಪುಸ್ತಕದಂತೆ ನೇರವಾಗಿ ನಿಲ್ಲಿಸಿ, ಒಂದೊಂದನ್ನು ಬೇರೆಬೇರೆ ಊರಿನಲ್ಲಿ ಇಡುವುದು ಒಳ್ಳೆಯದು. ಮಿಕ್ಕವನ್ನು ಕೇಳಿದವರಿಗೆ ದಾನವಾಗಿ ಕೊಡಬಹುದು. ಬೂಷ್ಟು ಹಿಡಿದವನ್ನು ಸುಡಬಾರದು. ಪ್ಲಾಸ್ಟಿಕ್ ಹೊಗೆ ಎಲ್ಲ ಜೀವಿಗಳಿಗೂ ಹಾನಿ. ಅವನ್ನು ಟೇಪು ತೆಗೆದುಕೊಳ್ಳಲು ಒಪ್ಪುವ ಮರುಬಳಕೆ ಕೇಂದ್ರಕ್ಕೆ ತಲುಪಿಸಬೇಕು.