ಹಿಂದಿನ ಸಾಲಿನ ಇಬ್ಬರು

ರಸಮಂಜರಿ ಕಾರ್ಯಕ್ರಮದ ಬ್ಯಾನರಿನಲ್ಲಿ ಗಾಯಕರ ಫೋಟೊ ದೊಡ್ಡದಾಗಿರುತ್ತದೆ. ನಿರೂಪಕರ ಹೆಸರಿರುತ್ತದೆ, ಶಾಮಿಯಾನ ಮತ್ತು ಸೌಂಡ್ಸ್‌ನವರ ಮೊಬೈಲ್ ನಂಬರ್ ಕೂಡ ಇರುತ್ತದೆ. ಬಾಸ್ ಗಿಟಾರ್ ಮತ್ತು ಡ್ರಮ್ಸ್ ನುಡಿಸುವವರು ‘ಮತ್ತು ವಾದ್ಯವೃಂದ’ ಎಂಬ ಎರಡು ಪದಗಳೊಳಗೆ ಸೇರಿಹೋಗಿರುತ್ತಾರೆ. ವೇದಿಕೆಯ ಮೇಲೂ ಅವರ ಜಾಗ ಹಿಂದೆಯೇ. ಡ್ರಮ್ಸಿನ ಸಿಂಬಲ್‌ಗಳ ಮರೆಯಲ್ಲಿ ಒಬ್ಬ, ಅವನ ಪಕ್ಕದಲ್ಲಿ ಸ್ಪೀಕರ್ ಬಾಕ್ಸಿಗೆ ಒರಗಿದಂತೆ ನಿಂತ ಇನ್ನೊಬ್ಬ. ಆದರೆ ಮೈದಾನದ ತುದಿಯಲ್ಲಿ ಚರುಮುರಿ ತಿನ್ನುತ್ತ ನಿಂತವನ ಕಾಲು ತನಗೇ ತಿಳಿಯದೆ ತಾಳ ಹಾಕುತ್ತಿದ್ದರೆ ಅದು ಆ ಇಬ್ಬರ ಕೆಲಸ. ಮಲೆನಾಡಿನ ಮೂಡಿಗೆರೆ, ಬಣಕಲ್, ಕಳಸದ ಸುತ್ತ ಹೊಟ್ಟೆಪಾಡಿಗೆ ಬೇರೆ ಕೆಲಸ ಇಟ್ಟುಕೊಂಡು, ಪ್ರೀತಿಗೆ ಬ್ಯಾಂಡ್ ಕಟ್ಟಿಕೊಂಡ ಹವ್ಯಾಸಿಗಳ ನಡುವೆ ಬಾಸ್ ನುಡಿಸಿದವನು ನಾನು. ಈ ಜೋಡಿಯ ಬಗ್ಗೆ ಯಾರಾದರೂ ಬರೆಯಬೇಕಿತ್ತು ಎಂದು ಬಹಳ ದಿನಗಳಿಂದ ಅನಿಸುತ್ತಿತ್ತು.

ಮೊದಲು ವಾದ್ಯಗಳ ವಿಷಯ. ಮದುವೆ ದಿಬ್ಬಣದ ಬ್ಯಾಂಡ್‌ಸೆಟ್ ನೋಡಿದವರಿಗೆ ಗೊತ್ತಿರುತ್ತದೆ: ಹೊಟ್ಟೆಗೆ ಕಟ್ಟಿಕೊಂಡ ದೊಡ್ಡ ಡ್ರಮ್ಮಿಗೆ ಒಬ್ಬ, ಚುರುಕು ಸದ್ದಿನ ಸಣ್ಣ ಸ್ನೇರ್‌ಗೆ ಇನ್ನೊಬ್ಬ, ತಾಳದ ತಟ್ಟೆಗಳಿಗೆ ಮತ್ತೊಬ್ಬ. ಅಮೆರಿಕದಲ್ಲಿಯೂ ಒಂದು ಕಾಲಕ್ಕೆ ಹೀಗೇ ಇತ್ತು. 1909ರಲ್ಲಿ ವಿಲಿಯಂ ಲುಡ್ವಿಗ್ ಕಾಲಿನಿಂದ ವೇಗವಾಗಿ ಒದೆಯಬಲ್ಲ ಪೆಡಲ್ ಮಾಡಿದ ಮೇಲೆ ಮೂರು ಜನರ ಕೆಲಸ ಕುರ್ಚಿಯ ಮೇಲೆ ಕುಳಿತ ಒಬ್ಬನಿಗೆ ಬಂತು. ಬಲಗಾಲಿಗೆ ದೊಡ್ಡ ಡ್ರಮ್, ಎಡಗಾಲಿಗೆ ಹೈಹ್ಯಾಟ್, ಕೈಗಳಿಗೆ ಉಳಿದದ್ದೆಲ್ಲ. ಬಾಸ್ ಗಿಟಾರ್ ಇನ್ನೂ ಈಚಿನದು. ಅದಕ್ಕೂ ಮುಂಚೆ ಆಳೆತ್ತರದ ಡಬಲ್ ಬಾಸನ್ನು ನಿಲ್ಲಿಸಿಕೊಂಡು ನುಡಿಸಬೇಕಿತ್ತು. 1951ರಲ್ಲಿ ಲಿಯೊ ಫೆಂಡರ್ ಅದನ್ನು ಹೆಗಲಿಗೆ ನೇತುಹಾಕುವ ನಾಲ್ಕು ತಂತಿಯ ವಿದ್ಯುತ್ ವಾದ್ಯವಾಗಿ ಮಾಡಿ ಮಾರುಕಟ್ಟೆಗೆ ತಂದರು. ಬಸ್ಸಿನ ಸೀಟಿನ ಪಕ್ಕದಲ್ಲಿ ಇಟ್ಟುಕೊಂಡು ಕೊಟ್ಟಿಗೆಹಾರದವರೆಗೆ ಹೋಗಬಹುದಾದ ಬಾಸ್ ನಮಗೆ ಸಿಕ್ಕಿದ್ದು ಹೀಗೆ.

ಅದರ ಕುತ್ತಿಗೆಯ ಮೇಲಿನ ಕಪ್ಪುಗೆಂಪು ಪಟ್ಟಿಗೂ ನಮ್ಮ ಬೆಟ್ಟಗಳಿಗೂ ಒಂದು ಸಂಬಂಧ ಇದೆ. ಅದು ಬೀಟೆ ಮರ. ಕಾಫಿ ತೋಟಗಳಲ್ಲಿ ನೆರಳಿಗೆ ಉಳಿಸಿಕೊಂಡ ಅದೇ ಬೀಟೆ. ಬ್ರೆಜಿಲಿನ ಬೀಟೆ ಸಿಗುವುದು ಕಷ್ಟವಾಗುತ್ತ ಬಂದಂತೆ 1960ರ ದಶಕದಿಂದ ಗಿಟಾರ್ ಕಂಪನಿಗಳು ಭಾರತದ ಬೀಟೆಗೆ ತಿರುಗಿಕೊಂಡವು. 2017ರಲ್ಲಿ ಬೀಟೆ ಜಾತಿಯ ಎಲ್ಲ ಮರಗಳನ್ನೂ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ನಿಯಂತ್ರಣಕ್ಕೆ ತಂದಾಗ ಗಿಟಾರ್ ಗಡಿ ದಾಟಿಸುವುದೇ ತಲೆನೋವಾಯಿತು. 2019ರಲ್ಲಿ ತಯಾರಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ತೋಟದಲ್ಲಿ ದಿನವೂ ನೋಡುವ ಮರದ ಜಾತಿಯೇ ಬೆರಳಿನ ಕೆಳಗೆ ಇದೆ ಎಂದು ಗೊತ್ತಾದ ದಿನ ನನಗಾದ ಸಂತೋಷ ಇವತ್ತಿಗೂ ಕಡಿಮೆಯಾಗಿಲ್ಲ.

ಬಾಸಿನ ಅತ್ಯಂತ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಆ ಸ್ವರದ ಒಂದು ಅಲೆಯ ಉದ್ದ ಎಂಟು ಮೀಟರಿಗೂ ಹೆಚ್ಚು. ಶಾಮಿಯಾನದ ಕಂಬ, ಅಡಿಕೆ ಮರ, ಮುಂದೆ ನಿಂತ ಜನ ಯಾವುದೂ ಅದಕ್ಕೆ ಅಡ್ಡಿಯಲ್ಲ, ಸುತ್ತಿಕೊಂಡು ಹೋಗುತ್ತದೆ. ಹಾಡಿನ ಮಾತು ಕೇಳಿಸದ ದೂರದ, ತೋಟದ ಕಾರ್ಮಿಕರ ಲೈನ್ ಮನೆಗೂ ‘ಧುಂ ಧುಂ’ ಮಾತ್ರ ತಲುಪುವುದು ಇದರಿಂದಲೇ. ಆದರೆ ಅಷ್ಟು ಕೆಳಗಿನ ಸ್ವರ ಹೊರಡಬೇಕಾದರೆ ದೊಡ್ಡ ಸ್ಪೀಕರ್ ಬೇಕು. ಹಿಂದೆ ಮರಕ್ಕೆ ಕಟ್ಟುತ್ತಿದ್ದ ಕಹಳೆ ಮೈಕಿನಲ್ಲಿ ಬಾಸ್ ಕೇಳುತ್ತಲೇ ಇರಲಿಲ್ಲ. ಹಳ್ಳಿಯ ಕಿವಿಗೆ ಈ ವಾದ್ಯ ನಿಜವಾಗಿ ಮುಟ್ಟಿದ್ದು ದೊಡ್ಡ ಬಾಕ್ಸುಗಳು ಲಾರಿಯಲ್ಲಿ ಬರತೊಡಗಿದ ಮೇಲೆ.

ನಮ್ಮಲ್ಲಿ ಈ ವಾದ್ಯ ಕಲಿಸುವ ಗುರು ಸಿಕ್ಕುವುದು ಅಪರೂಪ. ಕಲಿತದ್ದು ಕ್ಯಾಸೆಟ್ಟಿನಿಂದ, ಕಿವಿಯಿಂದ. ರಾಜನ್–ನಾಗೇಂದ್ರರ ಹಾಡುಗಳಲ್ಲಿ ಬಾಸ್ ಸೌಮ್ಯವಾಗಿ ಗಾಯಕನ ಹಿಂದೆ ನಡೆಯುತ್ತದೆ. ‘ಎರಡು ಕನಸು’, ‘ನಾ ನಿನ್ನ ಮರೆಯಲಾರೆ’ ಚಿತ್ರಗಳ ಹಾಡು ನುಡಿಸುವಾಗ ಕೈ ಹಗುರ ಇಟ್ಟುಕೊಳ್ಳಬೇಕು. ಇಳಯರಾಜ ಬಂದ ಮೇಲೆ ಲೆಕ್ಕವೇ ಬೇರೆಯಾಯಿತು. ಅವರು ನಮ್ಮ ಜಿ.ಕೆ. ವೆಂಕಟೇಶರ ಬಳಿ ಸಹಾಯಕರಾಗಿ ಕೆಲಸ ಕಲಿತವರು. ಅದಕ್ಕೂ ಮುಂಚೆ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರ ಆರ್ಕೆಸ್ಟ್ರಾ ತಂಡದಲ್ಲಿ ಗಿಟಾರ್, ಹಾರ್ಮೋನಿಯಂ ನುಡಿಸಿ ಊರೂರು ತಿರುಗಿದವರು. 1981ರ ಶಂಕರ್‌ನಾಗ್ ಅವರ ‘ಗೀತಾ’, 1983ರಲ್ಲಿ ಮಣಿರತ್ನಂ ನಿರ್ದೇಶಿಸಿದ ಮೊದಲ ಚಿತ್ರ ‘ಪಲ್ಲವಿ ಅನುಪಲ್ಲವಿ’, ಈ ಎರಡರ ಹಾಡುಗಳಲ್ಲಿ ಬಾಸ್ ತಾನೇ ಒಂದು ಹಾಡನ್ನು ಹಾಡುತ್ತದೆ. ಗಾಯನ ನಿಲ್ಲಿಸಿ ಬಾಸ್ ಒಂದನ್ನೇ ಕೇಳಿದರೂ ಅದಕ್ಕೆ ತಲೆ ಇದೆ, ಬಾಲ ಇದೆ. ಇಳಯರಾಜರಿಗೆ ಬಾಸ್ ನುಡಿಸುತ್ತಿದ್ದ ಶಶಿಧರನ್, ಡ್ರಮ್ಸ್ ನುಡಿಸುತ್ತಿದ್ದ ಪುರುಷೋತ್ತಮನ್ ಅವರ ಹೆಸರುಗಳು ನನಗೆ ಗೊತ್ತಾದದ್ದು ಅವರ ಕೈಚಳಕವನ್ನು ಬಾಯಿಪಾಠ ಮಾಡಿಕೊಂಡ ಎಷ್ಟೋ ವರ್ಷಗಳ ಮೇಲೆ. 1987ರ ‘ಪ್ರೇಮಲೋಕ’ದಿಂದ ಹಂಸಲೇಖ ಕೊಟ್ಟ ಹಾಡುಗಳು ಆರ್ಕೆಸ್ಟ್ರಾಗಳಿಗೆ ಇನ್ನೊಂದು ಭಂಡಾರ. ಅವುಗಳಲ್ಲಿ ಡ್ರಮ್ಮರ್‌ಗೆ ಕೈತುಂಬ ಕೆಲಸ.

ಹೊರಗಿನವರಿಗೆ ಗೊತ್ತಾಗದ ಮುಖ್ಯ ಸಂಗತಿ ಎಂದರೆ ಬಾಸ್ ಮತ್ತು ಡ್ರಮ್ಸ್ ಬೇರೆ ಬೇರೆ ಕಲಿತರೂ ನುಡಿಸುವಾಗ ಒಂದೇ ವಾದ್ಯ ಆಗಬೇಕು. ಡ್ರಮ್ಮರ್‌ನ ಬಲಗಾಲು ಬಿದ್ದ ಕ್ಷಣಕ್ಕೆ ನನ್ನ ಬೆರಳೂ ಬೀಳಬೇಕು. ನಾನು ಕೂದಲೆಳೆಯಷ್ಟು ಮುಂದಾದರೆ ಹಾಡು ಓಡಲು ತೊಡಗುತ್ತದೆ, ಹಿಂದಾದರೆ ಭಾರವಾಗಿ ಎಳೆಯುತ್ತದೆ. ಇಬ್ಬರೂ ಸೇರಿದಾಗ ತಂತಿಯ ಸ್ವರ ಡ್ರಮ್ಮಿನ ಹೊಟ್ಟೆಯೊಳಗಿನಿಂದ ಬಂದಂತೆ ಕೇಳುತ್ತದೆ. ಎಲ್ಲಿ ನುಡಿಸಬೇಕು ಎಂಬುದಕ್ಕಿಂತ ಎಲ್ಲಿ ಸುಮ್ಮನಿರಬೇಕು ಎಂಬುದನ್ನು ಕಲಿಯಲು ಹೆಚ್ಚು ವರ್ಷ ಬೇಕು. ಇದು ನಮ್ಮ ಸೀಮೆಗೆ ಹೊಸ ಪಾಠವೇನಲ್ಲ. ಯಕ್ಷಗಾನದ ಹಿಮ್ಮೇಳದಲ್ಲಿ ಮದ್ದಳೆ ಭಾಗವತರ ಜೊತೆಗೇ ನಡೆಯುತ್ತದೆ, ಚೆಂಡೆ ವೀರಕ್ಕೆ, ರೌದ್ರಕ್ಕೆ ಕಾದು ಕೂತು ಆಮೇಲೆ ಎದ್ದು ಬರುತ್ತದೆ. ನನ್ನ ಜೊತೆ ನುಡಿಸುವ ಡ್ರಮ್ಮರ್ ಚಿಕ್ಕಂದಿನಲ್ಲಿ ಮೇಳದ ಆಟಗಳಲ್ಲಿ ರಾತ್ರಿಯಿಡೀ ಚೆಂಡೆಯವರ ಹಿಂದೆ ಕೂತವನು. ಚರಣ ಮುಗಿದು ಪಲ್ಲವಿಗೆ ಬರುವಾಗ ಅವನು ಹೊಡೆಯುವ ರೋಲ್‌ನಲ್ಲಿ ಆ ಕಾಯುವಿಕೆ ಇದೆ. ನಾನು ಆತುರಪಟ್ಟರೆ ಹಾಡಿನ ನಡುವೆಯೇ ತಲೆ ಎತ್ತಿ, “ಮಾರಾಯ, ಓಡ್ತಿದ್ದೀಯ” ಎನ್ನುತ್ತಾನೆ.

ಅಭ್ಯಾಸಕ್ಕೆ ಜಾಗ ಹುಡುಕುವುದು ಹವ್ಯಾಸಿಗಳ ಮೊದಲ ಕಷ್ಟ. ಡ್ರಮ್ಸ್ ಮನೆಯೊಳಗೆ ಬಾರಿಸಿದರೆ ಮಕ್ಕಳ ಪರೀಕ್ಷೆ, ಅಜ್ಜಿಯ ನಿದ್ದೆ ಎರಡೂ ಹಾಳು. ನಮಗೆ ಸಿಕ್ಕಿದ್ದು ತೋಟದ ಗೋಡೌನು. ಒಣಗಿದ ಕಾಫಿ ತುಂಬಿದ ಗೋಣಿಚೀಲಗಳು ಸೂರಿನವರೆಗೆ ಪೇರಿಸಿದ್ದಾಗ ಅದರೊಳಗಿನ ಧ್ವನಿ ಬೆಂಗಳೂರಿನ ಸ್ಟುಡಿಯೊಗಳಿಗೂ ಕಡಿಮೆಯಿಲ್ಲ. ಚೀಲಗಳು ಅನಗತ್ಯ ಗುಂಯ್‌ಗುಡುವಿಕೆಯನ್ನೆಲ್ಲ ಹೀರಿಕೊಂಡು ಪ್ರತಿ ಪೆಟ್ಟನ್ನೂ ಸ್ಪಷ್ಟವಾಗಿ ಬಿಡುತ್ತವೆ. ಕಾಫಿ ಮಾರಾಟವಾಗಿ ಗೋಡೌನ್ ಖಾಲಿಯಾದರೆ ಅದೇ ಜಾಗ ಪ್ರತಿಧ್ವನಿಯ ಗುಹೆ. ಹಾಗಾಗಿ ನಮ್ಮ ಒಳ್ಳೆಯ ರಿಹರ್ಸಲ್ ಎಲ್ಲ ಕೊಯ್ಲಿನ ಆಚೀಚೆ. ತೊಂದರೆ ಏನೆಂದರೆ ಆಗಲೇ ಯಾರಿಗೂ ಪುರಸೊತ್ತಿರುವುದಿಲ್ಲ. ನವೆಂಬರಿನಿಂದ ಅರೇಬಿಕಾ ಹಣ್ಣು ಕೊಯ್ಯಬೇಕು, ಅದು ಮುಗಿಯುವಾಗ ರೊಬಸ್ಟಾ ಬರುತ್ತದೆ. ಕೀಬೋರ್ಡಿನವನು ಶಾಲೆ ಮಾಸ್ತರ, ಗಾಯಕ ಎಲೆಕ್ಟ್ರಿಷಿಯನ್, ಡ್ರಮ್ಮರ್ ತೋಟದ ರೈಟರ್. ನಾಲ್ವರು ಒಂದೇ ಸಂಜೆ ಬಿಡುವಾಗುವುದು ಭಾನುವಾರ ಮಾತ್ರ.

ಮಳೆಗಾಲದಲ್ಲಿ ವಾದ್ಯಗಳೂ ಬೇರೆಯಾಗುತ್ತವೆ. ಜುಲೈನ ತೇವಕ್ಕೆ ಬಾಸಿನ ಕುತ್ತಿಗೆ ಬಾಗುತ್ತದೆ, ತಂತಿ ಫ್ರೆಟ್ಟಿಗೆ ತಾಗಿ ಝರ್ ಎನ್ನುತ್ತದೆ. ಕುತ್ತಿಗೆಯೊಳಗಿನ ಕಬ್ಬಿಣದ ಸರಳನ್ನು ಎಲ್ ಆಕಾರದ ಕೀಲಿಯಿಂದ ಕಾಲು ಸುತ್ತು ತಿರುಗಿಸಿ ಸರಿಮಾಡಿಕೊಳ್ಳಬೇಕು. ಢೋಲಕ್, ತಬಲಾದವರ ಪಾಡು ಇನ್ನೂ ಕಷ್ಟ, ಚರ್ಮ ಸಡಿಲವಾಗಿ ಶ್ರುತಿ ನಿಲ್ಲುವುದೇ ಇಲ್ಲ. ಡ್ರಮ್ಸಿಗೆ 1950ರ ದಶಕದ ಕೊನೆಯಿಂದ ಪ್ಲಾಸ್ಟಿಕ್ ಹೊದಿಕೆ ಬಂದಿರುವುದರಿಂದ ಅದೊಂದು ಚಿಂತೆ ಇಲ್ಲ. ನಿಜವಾದ ಅಪಾಯ ಕರೆಂಟಿನದು. ಒದ್ದೆ ನೆಲ, ತರಾತುರಿಯಲ್ಲಿ ಎಳೆದ ವೈರು, ಸರಿಯಿಲ್ಲದ ಅರ್ಥಿಂಗ್. ಬಾಸಿನ ತಂತಿ ಹಿಡಿದುಕೊಂಡೇ ಮೈಕಿಗೆ ತುಟಿ ತಾಗಿಸಿದರೆ ಷಾಕ್ ಹೊಡೆಯಬಹುದು. ಟೆಸ್ಟರ್ ಹಚ್ಚಿ ನೋಡದೆ ನಾವು ವೇದಿಕೆ ಹತ್ತುವುದಿಲ್ಲ. ಹೊಸದಾಗಿ ಶುರುಮಾಡುವ ಹುಡುಗರಿಗೆ ಸರಿಗಮಕ್ಕಿಂತ ಮೊದಲು ಇದನ್ನು ಹೇಳಿಕೊಡಬೇಕು.

ಇಲ್ಲಿನ ನೆಲದ ಏರುತಗ್ಗು ಡ್ರಮ್ಮರ್‌ಗೆ ಒಡ್ಡುವ ಪರೀಕ್ಷೆ ಬಯಲುಸೀಮೆಯವರಿಗೆ ಗೊತ್ತಿರಲಾರದು. ಶಾಲೆ ಮೈದಾನ ಗುಡ್ಡಗಳ ನಡುವಿನ ಬೋಗುಣಿಯಲ್ಲಿ ಇರುತ್ತದೆ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಎದುರಿನ ಗುಡ್ಡ 170 ಮೀಟರ್ ದೂರ ಇದ್ದರೆ ಸ್ನೇರ್‌ನ ಪೆಟ್ಟು ಹೋಗಿ ತಟ್ಟಿ ಸರಿಯಾಗಿ ಒಂದು ಸೆಕೆಂಡಿಗೆ ವಾಪಸ್. ಹಾಡಿನ ವೇಗ ನಿಮಿಷಕ್ಕೆ 120 ಪೆಟ್ಟಿನದಾದರೆ ಆ ಪ್ರತಿಧ್ವನಿ ಎರಡು ಪೆಟ್ಟಿನ ನಂತರ ತಾಳದ ಮೇಲೇ ಬೀಳುತ್ತದೆ, ಗುಡ್ಡವೂ ಜೊತೆಗೆ ಬಾರಿಸಿದಂತಾಗಿ ಜನ ಹುಚ್ಚೆದ್ದು ಕುಣಿಯುತ್ತಾರೆ. ವೇಗ ನೂರಾದರೆ ಅದು ಎರಡು ಪೆಟ್ಟಿನ ಮಧ್ಯೆ ಬಂದು ಅಡ್ಡಗಾಲು ಹಾಕುತ್ತದೆ. ಆಗ ಡ್ರಮ್ಮರ್ ಗುಡ್ಡವನ್ನು ಕೇಳಬಾರದು, ನನ್ನನ್ನು ನೋಡಬೇಕು. ನಾನು ಅವನ ಕಾಲನ್ನು ನೋಡುತ್ತೇನೆ. ನಾವಿಬ್ಬರೂ ಹತ್ತಿರ ನಿಲ್ಲುವುದು ಇದಕ್ಕೇ.

ಮೂಡಿಗೆರೆಯಿಂದ ಗುತ್ತಿಯ ದಾರಿಯಲ್ಲಿ ಮೇಲೇರಿದರೆ ದೇವರಮನೆ. ಕಾಲಭೈರವೇಶ್ವರನ ಹಳೆಯ ಗುಡಿ, ಸುತ್ತ ಹುಲ್ಲುಗುಡ್ಡ, ಮಂಜು. ಈಗ ಆ ದಿಕ್ಕಿನಲ್ಲಿ ಹೋಂಸ್ಟೇಗಳು ಬಹಳ. ನಮಗೆ ಬರುವ ಹೊಸ ಬಗೆಯ ಕರೆ ಅಲ್ಲಿಂದಲೇ: ಕ್ಯಾಂಪ್‌ಫೈರ್ ಸುತ್ತ ಇಪ್ಪತ್ತು ಮೂವತ್ತು ಜನರ ಮುಂದೆ ಎರಡು ಗಂಟೆ. ಅಲ್ಲಿಗೆ ಪೂರ್ತಿ ಡ್ರಮ್ ಸೆಟ್ ಒಯ್ಯುವುದಿಲ್ಲ, ಕಹೋನ್ ಸಾಕು. ಪೆರು ದೇಶಕ್ಕೆ ಗುಲಾಮರಾಗಿ ಒಯ್ದ ಆಫ್ರಿಕನ್ನರು ಮರದ ಪೆಟ್ಟಿಗೆಗಳನ್ನೇ ಬಾರಿಸಿ ಮಾಡಿಕೊಂಡ ವಾದ್ಯ ಅದು. ಮೇಲೆ ಕೂತು ಅಂಗೈಯಿಂದ ನುಡಿಸಬೇಕು. ಬಾಸಿಗೆ ಒಂದು ಸಣ್ಣ ಆಂಪ್ಲಿಫೈಯರ್. ಇಂಥ ಕಡೆ ಜನ ಕೇಳುವುದು ಹೆಚ್ಚಾಗಿ ‘ಮುಂಗಾರು ಮಳೆ’ಯ ಹಾಡುಗಳು, ಆಮೇಲೆ ರಘು ದೀಕ್ಷಿತ್. ಬೆಂಗಳೂರಿನ ಅವರ ತಂಡ 2008ರ ಮೊದಲ ಆಲ್ಬಮ್ಮಿನಲ್ಲಿ ಶಿಶುನಾಳ ಷರೀಫರ ತತ್ವಪದಗಳನ್ನು ಬಾಸ್, ಡ್ರಮ್ಸ್ ಜೊತೆ ಹಾಡಿದ ಮೇಲೆ ಹವ್ಯಾಸಿ ಬ್ಯಾಂಡುಗಳಿಗೆ ಧೈರ್ಯ ಬಂತು. ಸಿನಿಮಾ ಹಾಡಿನ ನಕಲಷ್ಟೇ ಅಲ್ಲ, ನಮ್ಮದೇ ಪದಗಳನ್ನೂ ಹೀಗೆ ಕಟ್ಟಬಹುದು ಎಂಬ ಧೈರ್ಯ. ನಾವೂ ಸುಗ್ಗಿ ಕುಣಿತದ ಹೆಜ್ಜೆಗೆ ಬಾಸ್ ಕೂಡಿಸಿ ನೋಡಿದ್ದೇವೆ. ಆ ಹೆಜ್ಜೆ ಆರು ಪೆಟ್ಟಿನ ಲಯಕ್ಕೆ ಎಷ್ಟು ಸಹಜವಾಗಿ ಒಗ್ಗಿತು ಎಂದರೆ ಅಲ್ಲಿದ್ದ ಹಿರಿಯರೊಬ್ಬರು ಎದ್ದು ಬಂದು ಹೆಜ್ಜೆ ಹಾಕಿದರು.

ರಾತ್ರಿ ಹತ್ತರ ನಿಯಮ ಈಗ ಎಲ್ಲರಿಗೂ ಗೊತ್ತು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಹತ್ತರಿಂದ ಬೆಳಗಿನ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬ, ಉತ್ಸವಗಳಿಗೆ ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿವರೆಗೆ ಬಿಡುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ. ನಮಗೆ ಇದರಿಂದ ಒಳ್ಳೆಯದೇ ಆಗಿದೆ. ಬೇಗ ಮುಗಿದರೆ ಬೇಗ ಹೊರಡಬಹುದು. ತೋಟದ ದಾರಿಯಲ್ಲಿ ಆನೆ ಇದೆಯೋ ಇಲ್ಲವೋ ಎಂದು ವಿಚಾರಿಸಿಕೊಂಡೇ ಜೀಪು ಬಿಡುವ ಊರುಗಳು ನಮ್ಮವು.

ನನ್ನ ಚಿಂತೆ ಬೇರೆ. ಬಾಸ್ ಮತ್ತು ಡ್ರಮ್ಸಿನವರು ಆರ್ಕೆಸ್ಟ್ರಾಗಳಿಂದ ಮೆಲ್ಲಗೆ ಇಲ್ಲವಾಗುತ್ತಿದ್ದಾರೆ. ಮೊದಲು ರಿದಂ ಪ್ಯಾಡ್ ಬಂತು, ಒಂದು ಸೂಟ್‌ಕೇಸಿನಲ್ಲಿ ಡ್ರಮ್ಸ್, ಢೋಲಕ್, ತಮಟೆ ಎಲ್ಲ ಇತ್ತು. ಅದನ್ನು ನುಡಿಸುವವನಾದರೂ ಮನುಷ್ಯ, ಒಳ್ಳೆಯ ಪ್ಯಾಡ್ ವಾದಕರ ಬಗ್ಗೆ ನನಗೆ ತುಂಬ ಗೌರವವಿದೆ. ಬಾಸನ್ನು ಕೀಬೋರ್ಡಿನವನ ಎಡಗೈಗೆ ಕೊಟ್ಟರು. ಈಗ ಟ್ರ್ಯಾಕ್. ಲ್ಯಾಪ್‌ಟಾಪಿನಿಂದ ಸಂಗೀತ ಬರುತ್ತದೆ, ಗಾಯಕ ಅದರ ಮೇಲೆ ಹಾಡುತ್ತಾನೆ. ಖರ್ಚು ಕಡಿಮೆ, ತಪ್ಪೂ ಕಡಿಮೆ. ಆದರೆ ಊರಿನ ಹುಡುಗಿ ಮೊದಲ ಸಲ ವೇದಿಕೆ ಹತ್ತಿ, ಹೆದರಿ, ಒಂದು ಸಾಲು ತಡವಾಗಿ ಶುರುಮಾಡಿದರೆ ಟ್ರ್ಯಾಕ್ ಅವಳಿಗಾಗಿ ಕಾಯುವುದಿಲ್ಲ. ನಾವು ಕಾಯುತ್ತೇವೆ. ಡ್ರಮ್ಮರ್ ಇನ್ನೊಂದು ಸುತ್ತು ಹಾಕುತ್ತಾನೆ, ನಾನು ಅದೇ ಸ್ವರದಲ್ಲಿ ನಿಲ್ಲುತ್ತೇನೆ, ಅವಳು ಉಸಿರು ತೆಗೆದುಕೊಂಡು ಸೇರಿಕೊಳ್ಳುತ್ತಾಳೆ, ಕೆಳಗಿದ್ದವರಿಗೆ ಗೊತ್ತೇ ಆಗುವುದಿಲ್ಲ.

ಕರೆಂಟು ಹೋದಾಗಲೂ ವ್ಯತ್ಯಾಸ ತಿಳಿಯುತ್ತದೆ. ಒಮ್ಮೆ ಹಾಡಿನ ನಡುವೆಯೇ ಹೋಯಿತು. ಕೀಬೋರ್ಡ್ ಸತ್ತಿತು, ಮೈಕ್ ಸತ್ತಿತು, ನನ್ನ ಬಾಸೂ ಮೂಕವಾಯಿತು. ಡ್ರಮ್ಸಿಗೆ ಮಾತ್ರ ಕರೆಂಟು ಬೇಡ. ಕತ್ತಲಲ್ಲಿ ಡ್ರಮ್ಮರ್ ತಾಳ ಬಿಡದೆ ಬಾರಿಸುತ್ತಿದ್ದಂತೆ ಜನ ಚಪ್ಪಾಳೆ ಹಿಡಿದುಕೊಂಡರು, ಮೊಬೈಲ್ ಬೆಳಕು ಎತ್ತಿದರು, ಹಾಡನ್ನು ಅವರೇ ಮುಂದುವರಿಸಿದರು. ಜನರೇಟರ್ ಶುರುವಾದಾಗ ನಾವು ಬಿಟ್ಟ ಜಾಗಕ್ಕೇ ಸೇರಿಕೊಂಡೆವು.

ಆದ್ದರಿಂದ ಈ ಸಲದ ಗಣೇಶೋತ್ಸವಕ್ಕೆ, ರಾಜ್ಯೋತ್ಸವಕ್ಕೆ ತಯಾರಿ ಮಾಡುತ್ತಿರುವ ಸಮಿತಿಯವರಲ್ಲಿ ಒಂದು ಕೋರಿಕೆ. ಅಡ್ವಾನ್ಸ್ ಕೊಡುವಾಗ “ಟ್ರ್ಯಾಕೋ ಲೈವೋ?” ಎಂದು ಕೇಳಿದರೆ ಲೈವ್ ಎನ್ನಿ. ವೇದಿಕೆಯ ಹಿಂಭಾಗದಲ್ಲಿ ಡ್ರಮ್ಸಿಗೆ ಎಂಟಡಿ ಚೌಕದ ಗಟ್ಟಿ ಹಲಗೆ ಹಾಕಿಸಿ, ಅದರ ಮೇಲೆ ಜಾರದಂತೆ ಒಂದು ಜಮಖಾನ. ಪಕ್ಕದಲ್ಲಿ ಬಾಸಿನವನಿಗೆ ನಿಲ್ಲಲು ಜಾಗ, ಅರ್ಥಿಂಗ್ ಇರುವ ಒಂದು ಪ್ಲಗ್ ಪಾಯಿಂಟ್. ಸೋರದ ತಗಡು ಮೇಲಿದ್ದರೆ ಮಳೆ ಬಂದರೂ ನುಡಿಸುತ್ತೇವೆ. ಬ್ಯಾನರಿನಲ್ಲಿ ಜಾಗ ಉಳಿದಿದ್ದರೆ ಇಬ್ಬರ ಹೆಸರನ್ನೂ ಹಾಕಿಸಿ.